ಮುಳ್ಳು ಬಡಿದ ಕೋಣೆಯ ಹೊಲಿಗೆ

ಹತ್ತು ಜನ ಒಂದೇ ಸೂರಿನಡಿ ಇರುವ ಕಡೆ ಏನಾದರೊಂದು ಆಗುತ್ತಲೇ ಇರುತ್ತದೆ, ಆಗದಿದ್ದರೆ ಯಾರಿಗೂ ತಿಂದದ್ದು ಅರಗುವುದಿಲ್ಲ. ಚೀನಾ ಯುದ್ಧದ ಹಿಂದಿನ ವರ್ಷ ನಾನು ಹಾಸನದಲ್ಲಿ ಬಸ್ಸು ರಿಪೇರಿ ಮಾಡುವ ಫಿಟ್ಟರ್. ಆಗ ನಾನಿದ್ದ ವಠಾರದಲ್ಲಿ ನಡೆದದ್ದಕ್ಕೆ ನಗಬೇಕೋ ಹೆದರಬೇಕೋ ಇವತ್ತಿಗೂ ತಿಳಿದಿಲ್ಲ.

೧. ಕೆಟ್ಟ ನಕ್ಷತ್ರ

ಮೂರನೇ ಕೋಣೆಯಲ್ಲಿ ಇಬ್ಬರು ದರ್ಜಿಗಳು. ಒಬ್ಬ ಹೊಳೆನರಸೀಪುರದ ಮುದುಕ, ಇನ್ನೊಬ್ಬ ಅರಕಲಗೂಡಿನವನು, ಊರಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು ಬಂದವನು. ಇಬ್ಬರಿಗೂ ಒಂದೇ ಹೊಲಿಗೆ ಮಿಷನ್ನು. ಮುದುಕ ಒಂದು ಬೆಳಿಗ್ಗೆ ಅದರ ಮೇಲೇ ತಲೆಯಿಟ್ಟು ಸತ್ತುಹೋದ.

ಒಂದನೇ ಕೋಣೆಯ ಪುರೋಹಿತರು ಪಂಚಾಂಗ ತೆಗೆದರು. "ಕೆಟ್ಟ ನಕ್ಷತ್ರ. ಮನೆಗೆ ಮುಳ್ಳು ಬಡಿದು ಮೂರು ತಿಂಗಳು ಎಲ್ಲರೂ ಬಿಡಬೇಕು. ಒಳಗಿನ ಒಂದು ಕಡ್ಡಿಯನ್ನೂ ಆಚೆಗೆ ತರಕೂಡದು."

ವಠಾರದ ಯಜಮಾನಿ ಕೇಳಿದಳು: "ಅಂಗಾರೆ ನಿಮ್ ಕೋಣೇನೂ ಬಿಡ್ಬೇಕಲ್ವಾ ಸ್ವಾಮಿ?"

ಪುರೋಹಿತರು ಪಂಚಾಂಗವನ್ನು ಇನ್ನೊಮ್ಮೆ ನೋಡಿ, ಮೂರನೇ ಕೋಣೆ ಒಂದನ್ನೇ ಮುಚ್ಚಿದರೆ ಸಾಕು ಎಂದರು.

೨. ಮಟಮಟ ಮಧ್ಯಾಹ್ನ

ಬಾಗಿಲಿಗೆ ಬೀಗ, ಬೀಗದ ಮೇಲೆ ಜಾಲಿ ಮುಳ್ಳು. ಅರಕಲಗೂಡಿನ ದರ್ಜಿ ಬರಿಗೈಲಿ ನನ್ನ ಕೋಣೆಗೆ ಬಂದು ಸೇರಿಕೊಂಡ. ವಾರ ಕಳೆದಿರಲಿಲ್ಲ, ಊಟದ ಹೊತ್ತಿನಲ್ಲಿ ಒಳಗಿನಿಂದ ಕಟಕಟ ಶುರುವಾಯಿತು. ಮಿಷನ್ನು ಓಡುತ್ತಿತ್ತು. ಚನ್ನರಾಯಪಟ್ಟಣದಿಂದ ಬಂದು ತೆಂಗಿನಕಾಯಿ ಮೂಟೆ ಹೊರುತ್ತಿದ್ದ ಹಮಾಲಿ, ಮುದ್ದೆ ಮುರಿದ ಕೈ ಹಾಗೇ ಇಟ್ಟುಕೊಂಡು ನನ್ನ ಬಳಿ ಓಡಿಬಂದ. ನಾನೂ ಬಾಗಿಲಿಗೆ ಕಿವಿ ಕೊಟ್ಟೆ. ಹೆದರಿದರೂ ಕಸುಬು ಬಿಡುತ್ತದೆಯೇ? "ಮಿಷನ್ನಿಗೆ ಎಣ್ಣೆ ಬಿಟ್ಟಿಲ್ಲ ಕಣಯ್ಯ," ಎಂದೆ.

"ಸತ್ತೋರ್ಗೆ ಎಣ್ಣೆ ಯಾರ್ ತಂದ್ಕೊಡ್ತಾರಣ್ಣ?" ಎಂದ ಹಮಾಲಿ.

೩. ಹೆಂಚಿನ ದಾರಿ

ಮಾರನೆಯ ದಿನ ಹಿತ್ತಲಿಗೆ ಹೋದರೆ, ಅರಕಲಗೂಡಿನ ದರ್ಜಿ ತಲೆತುಂಬ ಜೇಡರ ಬಲೆ ಹೊತ್ತು ಸೂರಿನಿಂದ ಇಳಿಯುತ್ತಿದ್ದ. ಹೆಂಚು ಸರಿಸಿ ಒಳಗಿಳಿದು ಹೊಲಿಯುತ್ತಿದ್ದವನು ಅವನೇ. ನನ್ನ ಕಾಲು ಹಿಡಿದುಕೊಂಡ.

"ಯಾರ್ಗೂ ಯೋಳ್ಬ್ಯಾಡಣ್ಣ. ಮಿಷನ್ನು ಬಟ್ಟೆ ಅಂಗಡಿ ಸಾವ್ಕಾರಂದು. ಇಸ್ಕೂಲ್ ಬಾಗ್ಲು ತೆಗ್ಯೋ ಒತ್ಗೆ ಚಡ್ಡಿ ಕೊಡ್ದಿದ್ರೆ ಬ್ಯಾರೆಯೋನ್ನ ಇಟ್ಕತ್ತಾನೆ. ನಾನು ಎಂಡ್ರು ಮಕ್ಳ ಕೈಗೆ ಚಿಪ್ಪು ಕೊಡ್ಬೇಕು."

ಪಾಪ ಅನ್ನಿಸಿತು. "ಭಯ ಆಗಲ್ವೇನಯ್ಯ?" ಎಂದೆ.

"ಆಯ್ತದೆ. ಸ್ಟೂಲು ಬೆಚ್ಗಿರ್ತದೆ, ಈಗ್ತಾನೆ ಯಾರೋ ಎದ್ದೋದಂಗೆ. ಅದ್ಕೆ ದಿನಾ, 'ತಾತ, ಒಸಿ ಜರುಕ್ಕಳಿ' ಅಂದ್ಬುಟ್ಟೇ ಕೂತ್ಕತ್ತೀನಿ."

೪. ಯಜಮಾನಿಯ ರವಿಕೆ

ಆಮೇಲೆ ಅವನಿಗೆ ಜ್ವರ ಬಂತು. ನಾಲ್ಕು ದಿನ ನನ್ನ ಕೋಣೆಯಲ್ಲೇ ಕಂಬಳಿ ಹೊದ್ದು ಮಲಗಿದ್ದ, ಗಂಜಿ ಕುಡಿಸಿದವನೂ ನಾನೇ. ಐದನೆಯ ದಿನ ಬೆಳಿಗ್ಗೆ ಯಜಮಾನಿ ಹೊಸ ರವಿಕೆ ತೊಟ್ಟು ಬಾಗಿಲಲ್ಲಿ ನಿಂತಳು.

"ತಾತಂಗೆ ಒಲ್ಯೋ ಆಸೆ ತೀರಿಲ್ಲ ಅಂತ, ಅಳ್ತೆ ರವ್ಕೆ ಜೊತೆ ಬಟ್ಟೆ ಮಡಿಕೆ ಮಾಡಿ ಆ ಕೋಣೆ ಕಿಟಕಿ ಸಂದೀಲಿ ಒಳಕ್ಕಾಕಿದ್ದೆ. ಮೂರ್ ದಿನಕ್ಕೆ ಒಲ್ದು ಸಂದೀಲೇ ಮಡ್ಗವ್ರೆ." ದರ್ಜಿಯ ಕಡೆ ತಿರುಗಿ ಕೈ ಎತ್ತಿ ಇಳಿಸಿ ತೋರಿಸಿದಳು. "ನೋಡ್ಲಾ, ಎಲ್ಲೂ ಇಡ್ಕಳಲ್ಲ. ನೀನ್ ಒಲ್ದಿದ್ ರವ್ಕೇಲಿ ತಲೆ ಬಾಚ್ಕಳಕ್ಕೂ ಆಯ್ತಿರ್ಲಿಲ್ಲ. ಬದ್ಕಿರೋ ನಿನ್ಗಿಂತ ಸತ್ತೋರೇ ವಾಸಿ."

ಅವಳು ಹೋದಳು. ನಾಲ್ಕು ದಿನದಿಂದ ಒಳಗೆ ಇಳಿದವರೇ ಇಲ್ಲ. ದರ್ಜಿ ಬಿಳಿಚಿಕೊಂಡು ಗೋಡೆಗೊರಗಿ ಕೂತಿದ್ದ. ಶಾಲೆ ಬಾಗಿಲು ತೆರೆಯಲು ಇನ್ನು ಎರಡೇ ದಿನ. ತಲೆಗಿಟ್ಟುಕೊಂಡಿದ್ದ ಚಡ್ಡಿ ಬಟ್ಟೆಯ ಗಂಟನ್ನು ನನ್ನ ಕಡೆ ತಳ್ಳಿದ.

"ಅಣ್ಣ, ಇನ್ನೂ ಹನ್ನೆಲ್ಡ್ ಚಡ್ಡಿ ಬಾಕಿ ಅವೆ. ಈ ಬಟ್ಟೇನೂ ಒಸಿ ಕಿಟಕೀಲಿ ಆಕ್ಬುಟ್ ಬತ್ತೀಯಾ?"