ಬಾಲದ ತುದಿ ಕೇಳಲು ಹೋದಾಗ

ಗೋಡೆ ಬಿರುಕಿನಲ್ಲಿರುವ ಜೀವಕ್ಕೂ ದಿನದ ಹುಳ ತಪ್ಪಿಸದ ತಂದೆ ಮಾದಪ್ಪನಿಗೆ ಅಡ್ಡಬಿದ್ದು ಶುರುಮಾಡುತ್ತೇನೆ.

ಹಲ್ಲಿ ಹಿಡಿಯುವವರ ಜೊತೆ ಓಡಾಡಿದರೆ ಇಂಥವು ನಡೆಯುತ್ತಲೇ ಇರುತ್ತವೆ. ನಾನು ಧರ್ಮಪುರಿ ಕಡೆಯ ಒಂದು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಅಟೆಂಡರ್. ಅಲ್ಲಿ ಪಿಎಚ್.ಡಿ. ಮಾಡುವ ಮೇಡಂಗೆ ಡಬ್ಬಿ ಹಿಡಿಯುವುದು ನನ್ನ ಸೇವೆ. ಊರೂರಿನ ಮನೆಹಲ್ಲಿಗಳು ಯಾವ ಜಾತಿ, ಒಂದೇ ವಂಶವೋ ಬೇರೆಯೋ ತಿಳಿಯಲು ಅವರಿಗೆ ಬಾಲದ ತುದಿ ಬೇಕು, ಅಕ್ಕಿಕಾಳಿನಷ್ಟು. ವರ್ಷದೊಳಗೆ ಬರೆದು ಒಪ್ಪಿಸದಿದ್ದರೆ ಪಿಎಚ್.ಡಿ. ಮರೆತುಬಿಡು ಎಂದು ಗೈಡು ಹೇಳಿಬಿಟ್ಟಿದ್ದರು. ಮೇಡಂ ಮನೆಮಾತು ಕನ್ನಡ. ಸಿಟ್ಟು ಮಾತ್ರ ತಮಿಳು.

ಯಾವ ಜಾತಿ

ಓಮಲೂರಿನ ಒಬ್ಬ ಯಜಮಾನರು ಪಂಚಾಂಗ ಹಿಡಿದೇ ಬಾಗಿಲಲ್ಲಿ ಕೂತಿದ್ದರು. ಮೇಡಂ ಹಲ್ಲಿಗೆ ಭೂತಗನ್ನಡಿ ಹಿಡಿದು, "ಬೆನ್ನು ನುಣ್ಣಗಿದ್ರೆ ಒಂದು ಜಾತಿ, ಕಾಳುಕಾಳಾಗಿದ್ರೆ ಇನ್ನೊಂದು" ಎಂದು ವಿವರಿಸಿದರು.

"ಸರಿ, ಇದರಾಗೆ ಬಲಭುಜದ ಮೇಲೆ ಬೀಳೋ ಜಾತಿ ಯಾವುದಮ್ಮ?"

"ಅದು... ಗೊತ್ತಿಲ್ಲ ತಾತ."

"ಇಷ್ಟು ವರ್ಷ ಓದಿದೀಯ, ಬೇಕಾದ್ದೊಂದನ್ನೇ ಬಿಟ್ಟಿದೀಯ!"

ಒಪ್ಪಿಗೆ

ಕಡಯಂಪಟ್ಟಿಯ ಮನೆಯೊಂದರಲ್ಲಿ ಹಲ್ಲಿ ಇದ್ದದ್ದು ದೇವರಕೋಣೆಯಲ್ಲಿ. ಮನೆಯಾಕೆ, "ನಾನ್ಯಾರು ಒಪ್ಪೋಕೆ? ಗೌಳಿನೇ ನುಡೀಲಿ" ಎಂದರು. ಮೂವರೂ ಗೋಡೆ ನೋಡುತ್ತ ಕೂತೆವು. ನಾನು ಮನಸ್ಸಿನಲ್ಲೇ ನೂರೆಂಟು ನಾಮ ಮುಗಿಸಿದೆ. ಹಲ್ಲಿ ಬಾಯಿ ಬಿಡಲಿಲ್ಲ. ಕೊನೆಗೆ ಮೇಡಂ ಬೇಸತ್ತು, "ಸರಿ ಅಕ್ಕಾ, ನಾವು ಬರ್ತೀವಿ" ಎಂದು ಎದ್ದರು.

"ಲೊಚ್ ಲೊಚ್ ಲೊಚ್!"

"ನೋಡಿದ್ರಾ, ಓಗಿ ಅಂತೈತೆ!"

ಅಭ್ಯಾಸ ನೋಡಿ, ನಾನೂ ನೆಲ ತಟ್ಟಿ "ಕೃಷ್ಣ ಕೃಷ್ಣ" ಎಂದು ಅದಕ್ಕೆ ಸಾಕ್ಷಿ ಹಾಕಿಬಿಟ್ಟೆ. ಮೇಡಂ ಖಾಲಿ ಡಬ್ಬಿ ನನ್ನ ಕೈಗೆ ತುರುಕಿ, ಬಸ್ ಸ್ಟಾಪಿನವರೆಗೂ ತಮಿಳಿನಲ್ಲೇ ಬೈದರು.

ಒಂದೇ ವಂಶ

ನಲ್ಲಂಪಳ್ಳಿ ಅಜ್ಜಿ ಮಾತ್ರ ಮೊದಲ ದಿನವೇ ಒಪ್ಪಿದರು. ಪರೀಕ್ಷೆ ಮುಗಿಸಿ ಮೇಡಂ ತಿಳಿಸಿದರು: "ಅಜ್ಜಿ, ನಿಮ್ಮನೆ ಗೌಳಿಗಳೆಲ್ಲ ಒಂದೇ ವಂಶ. ಅವವೇ ಕೂಡಿಕೊಳ್ತಾವೆ."

ಅಜ್ಜಿ ಗಲ್ಲ ಬಡಿದುಕೊಂಡರು. "ಒಂದೇ ಕುಲದಾಗೆ ಸಂಬಂಧವಾ? ಶಿವ ಶಿವಾ!"

"ಒರಗಿಂದ ಒಂದು ಬಂದ್ರೆ ಒಳ್ಳೇದು ಬಿಡಿ" ಎಂದು ಮೇಡಂ ನಕ್ಕರು.

ಎರಡು ತಿಂಗಳ ಮೇಲೆ ಮತ್ತೆ ಅದೇ ಗೋಡೆಯಿಂದ ಬಾಲದ ತುದಿ ತಂದೆವು. ಒಂದರ ವಂಶ ಅಚ್ಚ ಓಮಲೂರಿನದು! ಮೇಡಂ ಕೂತಲ್ಲಿಂದ ಎದ್ದು ಕೂಗಿದರು. "ಅಣ್ಣಾ, ನಡುವಿನ ತೊಪ್ಪೂರು ಘಾಟು ತಾನೇ ದಾಟಿ ಬಂದೈತೆ! ಇದೊಂದು ಸಾಕು ನನಗೆ." ಹಲ್ಲಿಗಳ ಮಹಾಪ್ರಯಾಣ ಎಂದು ಒಂದು ಅಧ್ಯಾಯವನ್ನೇ ಬರೆದುಬಿಟ್ಟರು. ಫೋಟೋ ಬೇಕೆಂದು ಅಜ್ಜಿ ಮನೆಗೆ ಹೋದರೆ, ಅಜ್ಜಿ ಗೋಡೆಯತ್ತ ಕೈ ತೋರಿಸಿದರು.

"ಅದಾ? ಓಮಲೂರು ನನ್ನ ತವರಲ್ವಾ. ಅಲ್ಲಿಂದ ನಾನೇ ತಂದೆ. ನಮ್ಮನೆ ಸೊಸೆ."

"ಪೋಚ್ಚು! ಎಲ್ಲಾಂ ಪೋಚ್ಚು!" ಬರೆದದ್ದೆಲ್ಲ ಹೋಯಿತೆಂದು ಮೇಡಂ ಜಗಲಿ ಮೇಲೆ ಕುಸಿದರು.

ಅಳುತ್ತಲೇ ಗೈಡಿಗೆ ಫೋನ್ ಮಾಡಿದರು. ಆ ಪುಣ್ಯಾತ್ಮರು, "ಮನೆಹಲ್ಲಿ ಊರಿಂದೂರಿಗೆ ಹರಡೋದೇ ಮನುಷ್ಯರಿಂದಮ್ಮ. ಅದನ್ನೇ ಬರಿ. ಹೇಗೆ ತಂದರು ಅಂತ ಸರಿಯಾಗಿ ಕೇಳಿಕೋ" ಎಂದರು. ಮೇಡಂ ಕಣ್ಣೊರೆಸಿ ಪೆನ್ನು ತೆಗೆದರು.

"ಎಂಗೆ ತಂದ್ರಿ ಅಜ್ಜಿ?"

"ಅರಿಶಿನದ ಡಬ್ಬೀಲಿ, ಟೌನ್ ಬಸ್ಸಾಗೆ. ಕಂಡಕ್ಟರು ಡಬ್ಬೀಲಿ ಏನು ಅಂದ. ಸೊಸೆ ಕಣಪ್ಪ ಅಂದೆ. ಎಣ್ಮಕ್ಕಳಿಗೆ ಬಸ್ಸು ಫ್ರೀ ಅಲ್ವಾ? ಇಬ್ರಿಗೂ ಟಿಕೆಟ್ ಕೇಳ್ಲಿಲ್ಲ."

ಕೇಳಿದ ನಿಮ್ಮೆಲ್ಲರ ಮನೆಯ ಗೋಡೆ ತಂಪಾಗಿರಲಿ. ಮಾದಪ್ಪ ನಿಮ್ಮನ್ನೂ ನಿಮ್ಮ ತೊಲೆಯ ಮೇಲಿನವರನ್ನೂ ಸಮನಾಗಿ ಕಾಯಲಿ.