ಮೂರನೇ ಹಂತದ ಸಿಟ್ಟು

ಬದಲಾವಣೆಗೆ ಒಳಗಾಗುವ ಯಾವುದೇ ಸಿಬ್ಬಂದಿಯು ಮೊದಲು ಬೆಚ್ಚಿಬೀಳತಕ್ಕದ್ದು, ನಂತರ ನಂಬದಿರತಕ್ಕದ್ದು, ಆಮೇಲೆ ಸಿಟ್ಟಾಗತಕ್ಕದ್ದು, ತದನಂತರ ದುಃಖಿಸತಕ್ಕದ್ದು, ಕೊನೆಗಷ್ಟೇ ಒಪ್ಪಿಕೊಳ್ಳತಕ್ಕದ್ದು. ಯಾವ ಹಂತವನ್ನೂ ಹಾರಿ ಮುಂದಕ್ಕೆ ಹೋಗುವಂತಿಲ್ಲ. ಮೂಡಿಗೆರೆ ಕಡೆಯ ಹೊನ್ನಾಳಕಾಡು ಕಾಫಿ ಎಸ್ಟೇಟಿಗೆ ಚಿಕ್ಕಮಗಳೂರಿನ ಹೆಡ್ ಆಫೀಸಿನಿಂದ ಬಂದ ಸುತ್ತೋಲೆಯ ಸಾರಾಂಶ ಇಷ್ಟು.

ಬದಲಾವಣೆಯೇನೋ ಸರಳವಾಗಿತ್ತು. ಮೇಸ್ತ್ರಿ ಬೊಮ್ಮಯ್ಯನನ್ನು ಇನ್ನು ಮುಂದೆ 'ತಂಡ ಪ್ರೇರಕ' ಎನ್ನಬೇಕು. ಬೆಳಗಿನ ಹಾಜರಿಯನ್ನು 'ಸಂವಾದ' ಎನ್ನಬೇಕು. ಹಣ್ಣು ಕೊಯ್ಯುವ ಹೆಂಗಸರನ್ನು 'ಫಸಲು ಸಹಭಾಗಿಗಳು' ಎನ್ನಬೇಕು. ಇಷ್ಟನ್ನು ಸಾಂಗವಾಗಿ ನಡೆಸಿಕೊಟ್ಟರೆ ಪ್ರಭಾರ ಮ್ಯಾನೇಜರ್ ಧರ್ಮೇಶ್ ಖಾಯಂ ಆಗುತ್ತಿದ್ದ. 'ಪ್ರಭಾರ' ಎಂಬುದು ಅವನ ಹೆಸರಿಗೆ ರಕ್ತ ಹೀರುವ ಇಂಬಳದ ಹಾಗೆ ಕಚ್ಚಿಕೊಂಡು ವರ್ಷಗಳೇ ಆಗಿದ್ದವು. ಯಾವತ್ತು ಖಾಲಿ ಮಾಡಿ ಅನ್ನುತ್ತಾರೋ ಎಂದು ಅವನ ಹೆಂಡತಿ ಸೌಂದರ್ಯ ಬಂಗಲೆಯ ಕಿಟಕಿಗೆ ಪರದೆಯನ್ನೂ ಹೊಲಿಸಿರಲಿಲ್ಲ.

ಧರ್ಮೇಶ್ ಸುತ್ತೋಲೆಯನ್ನು ಎಲ್ಲರೆದುರು ಓದಿದ. ಹೆಂಗಸರಲ್ಲಿ ಹಿರಿಯಳಾದ ವಸಂತಮ್ಮ ಒಂದೇ ಪ್ರಶ್ನೆ ಕೇಳಿದಳು.

"ಚಾ ಹತ್ತು ಗಂಟೆಗೇ ಅಲ್ವಾ ಸಾರ್?"

"ಹೌದು."

"ಹಾಗಾದ್ರೆ ಆಯ್ತು ಬಿಡಿ."

ಹೀಗೆ ಇಡೀ ತೋಟ ಚಾ ಹೊತ್ತಿಗೆ ಮುಂಚೆಯೇ ಐದನೇ ಹಂತ ಮುಟ್ಟಿತು. ಧರ್ಮೇಶನ ವರದಿ ಓದಿದ ಹೆಡ್ ಆಫೀಸು ಇದನ್ನು ಗಂಭೀರ ಲೋಪವೆಂದು ಪರಿಗಣಿಸಿತು. ಸಿಬ್ಬಂದಿ ಸಿಟ್ಟಾಗದಿದ್ದ ಮೇಲೆ ಬದಲಾವಣೆ ಆಗಿದೆ ಎನ್ನಲು ಆಧಾರವೇನು? ಸಿಟ್ಟನ್ನು ಖುದ್ದು ಪರಿಶೀಲಿಸಲು ಅಶ್ವಿನ್ ಎಂಬ ಅಧಿಕಾರಿ ಬರುವರೆಂದೂ, ಸಿಟ್ಟು ಕಂಡುಬಾರದಿದ್ದಲ್ಲಿ ಪ್ರಭಾರ ಮ್ಯಾನೇಜರನ್ನು ಮನೆಗೆ ಕಳುಹಿಸಲಾಗುವುದೆಂದೂ ತಿಳಿಸಿತು.

ಧರ್ಮೇಶ್ ತಡಮಾಡಲಿಲ್ಲ. ವಸಂತಮ್ಮನನ್ನು ಆಫೀಸಿಗೆ ಕರೆಸಿದ.

"ನನಗೆ ಬೈಯಿರಿ ವಸಂತಮ್ಮ."

"ಅಯ್ಯೋ, ಎಂತಕ್ಕೆ ಸಾರ್?"

"ಬದಲಾವಣೆ ಮಾಡಿದ್ದಕ್ಕೆ."

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಣ್ಣು ಕೆಕ್ಕರಿಸಿ, "ಏನು ತಿಳ್ಕೊಂಡಿದ್ದೀರಿ ನೀವು..." ಎಂದು ಶುರು ಮಾಡಿದವಳು ಕಿಸಕ್ಕನೆ ನಕ್ಕಳು. "ಮುಖ ಬಾಡಿದೆಯಲ್ಲ ಸಾರ್, ತಿಂಡಿ ತಿಂದ್ರಾ?" ಎಂದಳು. ಎಷ್ಟು ಅಭ್ಯಾಸ ಮಾಡಿಸಿದರೂ ಬೈಗುಳ ತಿಂಡಿಯ ಹತ್ತಿರವೇ ಬಂದು ನಿಲ್ಲುತ್ತಿತ್ತು.

ಅಶ್ವಿನ್ ಅವರು ಜೀಪಿನಿಂದಿಳಿದು, ಕಣದಲ್ಲಿ ಸಾಲಾಗಿ ನಿಂತವರನ್ನು ನೋಡಿ, "ನಿಮಗೆ ಏನೂ ಬೇಸರ ಇಲ್ವಾ?" ಎಂದು ಕೇಳಿದರು. ಆ ತೋಟದಲ್ಲಿ ಅಲ್ಲಿಯ ತನಕ ಯಾರೂ ಕೇಳದ ಪ್ರಶ್ನೆಯದು.

"ಇಲ್ದೇ ಏನು ಸಾರ್!" ವಸಂತಮ್ಮ ಮುಂದೆ ಬಂದಳು. "ನಾವಿರೋ ಲೈನ್ ಮನೆ ಸೂರಿನ ಶೀಟೆಲ್ಲ ತೂತು. ಮಳೆ ಹಿಡಿದ್ರೆ ಮೊಮ್ಮಗಳನ್ನ ಈ ಮೂಲೆಯಿಂದ ಆ ಮೂಲೆಗೆ ಎತ್ತಿ ಮಲಗಿಸ್ತೀನಿ. ಹೇಳಿ ಹೇಳಿ ಬಾಯಿ ಒಣಗ್ತು. ನಿಮಗೆಲ್ಲ ಕಣ್ಣಿಲ್ವಾ? ನಿಮ್ಮ ಮಕ್ಕಳು ಒದ್ದೆ ಚಾಪೆ ಮೇಲೆ ಮಲಗ್ತಾವಾ?"

ಹಿಂದಿದ್ದವರೆಲ್ಲ ದನಿ ಸೇರಿಸಿದರು. ಅವಳು ಪ್ರತಿ ಮಳೆಗಾಲವೂ ಹೇಳಿದ್ದು, ತಾನು 'ನೋಡೋಣ' ಎಂದದ್ದು ನೆನಪಾಗಿ ಧರ್ಮೇಶನಿಗೆ ನಾಚಿಕೆಯಾಯಿತು. ಅಶ್ವಿನ್ ಅವರಿಗೆ ರೋಮಾಂಚನವಾಯಿತು.

"ಅದ್ಭುತ ಧರ್ಮೇಶ್! ಅಪ್ಪಟ ಮೂರನೇ ಹಂತ!"

ವಾರದೊಳಗೆ ಆದೇಶ ಬಂತು: "ಹೊನ್ನಾಳಕಾಡು ತಂಡವನ್ನು ಸಿಟ್ಟಿನ ಹಂತದಲ್ಲಿ ಮುನ್ನಡೆಸಲು ಶ್ರೀ ಧರ್ಮೇಶ್ ಅವರನ್ನು ಖಾಯಂ ಮ್ಯಾನೇಜರಾಗಿ ನೇಮಿಸಲಾಗಿದೆ. ಸಿಟ್ಟು ಶಮನವಾದ ದಿನ ಸದರಿ ಖಾಯಂ ಹುದ್ದೆಯು ತಾನಾಗಿಯೇ ರದ್ದಾಗತಕ್ಕದ್ದು. ಶಮನದ ಸಲುವಾಗಿ ಶೀಟುಗಳನ್ನು ಕಳುಹಿಸಲಾಗಿದೆ."

ಸೌಂದರ್ಯ ಅವತ್ತೇ ಪರದೆಗೆ ಅಳತೆ ಕೊಟ್ಟಳು. ಮರುದಿನ ಶೀಟಿನ ಲಾರಿ ಬಂತು. ಧರ್ಮೇಶ್ ಅಷ್ಟನ್ನೂ ಗೋಡೌನಿನಲ್ಲಿ ಇಳಿಸಿ, ಒದ್ದೆಯಾಗಬಾರದೆಂದು ಮೇಲೆ ಟಾರ್ಪಾಲು ಹೊದಿಸಿ, ಬೀಗ ಹಾಕಿದ.

"ಶೀಟು ಬಂತಂತಲ್ಲ ಸಾರ್?" ವಸಂತಮ್ಮ ಬಂದು ಕೇಳಿದಳು.

ಅವಳ ಮುಖ ನೋಡಿ ಸುಳ್ಳು ಹೇಳಲು ಅವನಿಗೆ ಬಾಯಿ ಬರಲಿಲ್ಲ. "ಬಂದಿದೆ. ಹಾಕ್ಸಿದ್ರೆ ನಿಮ್ಮ ಸಿಟ್ಟು ಹೋಗ್ತದೆ. ಸಿಟ್ಟು ಹೋದ್ರೆ ನನ್ನ ಕೆಲಸ ಹೋಗ್ತದೆ."

"ಹಾಕ್ಸಿ ಸಾರ್. ಸಿಟ್ಟು ಇದ್ದ ಹಾಗೇ ಮಾಡ್ತೀವಿ."

"ನಿಮಗೆ ಬರಲ್ಲ ವಸಂತಮ್ಮ. ನೋಡಿದ್ದೀನಲ್ಲ."

ಅದು ನಿಜವೆಂದು ಅವಳೂ ಒಪ್ಪಿದಳು. ಬಂಗಲೆಯ ಕಡೆ ಒಮ್ಮೆ ನೋಡಿ, "ಅಮ್ಮಾವ್ರು ಹೊಸ ಪರದೆ ಬೇರೆ ಹೊಲಿಯೋಕೆ ಕೊಟ್ಟಿದ್ದಾರೆ, ಪಾಪ" ಎಂದು ಹೊರಟಳು.

ಈಗ ಪ್ರತಿ ಶುಕ್ರವಾರ ಸಂವಾದ ಮುಗಿದ ಮೇಲೆ ಫಸಲು ಸಹಭಾಗಿಗಳು ಆಫೀಸಿನ ಮುಂದೆ ಸೇರಿ ಸಿಟ್ಟಾಗುತ್ತಾರೆ. ತಂಡ ಪ್ರೇರಕ ಬೊಮ್ಮಯ್ಯ ಅದನ್ನು ಮೊಬೈಲಿನಲ್ಲಿ ಹಿಡಿದು ಹೆಡ್ ಆಫೀಸಿಗೆ ಕಳಿಸುತ್ತಾನೆ. ಅಶ್ವಿನ್ ಅವರು ಬೇರೆ ತೋಟದವರಿಗೆ ಅದನ್ನು ಮಾದರಿಯೆಂದು ತೋರಿಸುತ್ತಾರೆ. ಮಳೆಗಾಲದ ಸಿಟ್ಟಿನ ಗುಣಮಟ್ಟ ವಿಶೇಷವಾಗಿದೆಯೆಂಬ ಪ್ರಶಂಸೆಯೂ ಬಂದಿದೆ.

ಕಳೆದ ಶುಕ್ರವಾರ ಮೊಮ್ಮಗಳ ಹಾಸಿಗೆ ಪೂರ್ತಿ ತೊಯ್ದಿತ್ತು. ವಸಂತಮ್ಮ ಗಂಟಲು ಕಟ್ಟುವ ತನಕ ಬೈದಳು, ಅತ್ತಳು ಕೂಡ. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, ಧರ್ಮೇಶನ ಹತ್ತಿರ ಬಂದು ಮೆಲ್ಲಗೆ ಕೇಳಿದಳು:

"ಇಷ್ಟು ಸಾಕಾ ಸಾರ್? ಚಾಕ್ಕೆ ಹೊತ್ತಾಯ್ತು."