ದಿನಕ್ಕೊಂದು ಮೊಳ ಕಾದಂಬರಿ

ನನ್ನ ಕಾದಂಬರಿಯ ಅತ್ಯಂತ ಕಠಿಣ ವಿಮರ್ಶಕಿಗೆ ಓದಲು ಬರುವುದಿಲ್ಲ! ನಗಬೇಡಿ. ಓದದೇ ವಿಮರ್ಶೆ ಮಾಡುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಈಕೆ ಅದನ್ನು ಒಪ್ಪಿಕೊಳ್ಳುತ್ತಾಳೆ, ಅಷ್ಟೇ ವ್ಯತ್ಯಾಸ. ಈಕೆ ಇಳಕಲ್ಲಿನ ನನ್ನ ದೊಡ್ಡವ್ವ, ಅಂದರೆ ನನ್ನ ಅವ್ವನ ಅಕ್ಕ. ವಯಸ್ಸು ಎಪ್ಪತ್ತರ ಹತ್ತಿರ. ನೆನಪಿದ್ದಾಗಿನಿಂದ ಸೀರೆ ನೇಯುತ್ತಿದ್ದಾಳೆ. ನಾನು ಬಾಗಲಕೋಟೆಯಿಂದ ಇಳಕಲ್ಲಿನ ಹೈಸ್ಕೂಲಿಗೆ ವರ್ಗವಾಗಿ ಬಂದಾಗ ಅವಳ ಮನೆಯ ಮಾಳಿಗೆಯ ಮೇಲಿನ ಕೋಣೆ ಹಿಡಿದೆ. ಕೆಳಗೆ ಅವಳ ಮಗ್ಗ, ಮೇಲೆ ನನ್ನ ಸಾಹಿತ್ಯ. ಮೊದಲ ಆರು ತಿಂಗಳು ಕೆಳಗೆ ಮಾತ್ರ ಸಪ್ಪಳವಿತ್ತು.

ಹಾಗೆಂದು ನಾನೇನು ಸುಮ್ಮನೆ ಕೂತಿರಲಿಲ್ಲ ಬಿಡಿ. ಕಾದಂಬರಿಗೆ ಬೇಕಾದ ಸಿದ್ಧತೆ ಸಣ್ಣದೇ? ಬರಹಗಾರರ ದಿನಚರಿ ಕುರಿತ ವಿಡಿಯೋ ನೋಡಿದೆ, ಮೂರು ಬಣ್ಣದ ಪೆನ್ನು ತಂದೆ, ಗೋಡೆಗೆ ವೇಳಾಪಟ್ಟಿ ಅಂಟಿಸಿದೆ. ಸ್ಫೂರ್ತಿಗೆಂದು ಬಾದಾಮಿಗೆ ಹೋಗಿ ಕೆರೆಯ ಮೆಟ್ಟಿಲ ಮೇಲೆ ಹೊಸ ಡೈರಿ ಬಿಚ್ಚಿಕೊಂಡು ಕೂತೆ. ಕೋತಿಯೊಂದು ಚುರುಮುರಿ ಪೊಟ್ಟಣದ ಜೊತೆ ಡೈರಿಯನ್ನೂ ಒಯ್ದು, ನಾಲ್ಕು ಪುಟ ತಿರುವಿ ನೋಡಿ ಬಿಸಾಕಿತು. ಖಾಲಿ ಇತ್ತಲ್ಲ, ಅದರದೇನು ತಪ್ಪು?

ಒಂದು ದಿನ ದೊಡ್ಡವ್ವ ಮೇಲೆ ಹತ್ತಿ ಬಂದು, ಎಷ್ಟಾಯಿತೆಂದು ಕೇಳಿದಳು. ಇನ್ನೂ ಮೂಡು ಬಂದಿಲ್ಲ ಎಂದೆ.

"ಅದು ಎಲ್ಲಿಂದ ಬರಬೇಕು? ಹುನಗುಂದದಿಂದನೋ, ಕಮತಗಿಯಿಂದನೋ? ಬಸ್ಸಿನ ಟೈಮ್ ಹೇಳು, ನಾನ ಹೋಗಿ ಕರ್ಕೊಂಡು ಬರ್ತೇನಿ."

ಮರುದಿನವೇ ಕಾಯಿದೆ ಜಾರಿಯಾಯಿತು. ಬೆಳಿಗ್ಗೆ ಅವಳು ಮಗ್ಗದ ಕೆಳಗಿನ ಕುಣಿಗೆ ಕಾಲಿಳಿಸಿದ ಕೂಡಲೇ ನಾನು ಮೇಜಿಗೆ ಕೂರಬೇಕು. ಶಾಲೆಗೆ ಹೋಗುವ ಮುಂಚೆ ಬರೆದದ್ದನ್ನು ಕೆಳಗೆ ತಂದು ತೋರಿಸಬೇಕು. ಓದಲು ಬಾರದವಳಿಗೆ ತೋರಿಸುವುದೇನು? ಅವಳು ಹಾಳೆಗಳನ್ನು ಉದ್ದಕ್ಕೆ ಜೋಡಿಸಿ, ಮೊಣಕೈ ಊರಿ ಅಳೆದಳು! ಒಂದೂವರೆ ಹಾಳೆಗೆ ಒಂದು ಮೊಳ. ದಿನಕ್ಕೆ ಒಂದು ಮೊಳ ಆಗಲೇಬೇಕು. ಮೊದಲ ದಿನ ನನ್ನದು ಒಂದು ಗೇಣೂ ಇರಲಿಲ್ಲ.

ನಾನೂ ಮಾಸ್ತರ, ಮಕ್ಕಳ ಕಳ್ಳಾಟಗಳೆಲ್ಲ ನನಗೂ ಗೊತ್ತು. ಅಕ್ಷರ ದಪ್ಪ ಮಾಡಿದೆ, ಸಾಲುಗಳ ನಡುವೆ ಎತ್ತಿನ ಚಕ್ಕಡಿ ಹಾಯುವಷ್ಟು ಜಾಗ ಬಿಟ್ಟೆ. ಮೊಳ ತುಂಬಿತು. ದೊಡ್ಡವ್ವ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

"ನೇಯ್ಗಿ ಸಡ್ಲ ಆಗೇತಿ. ಒಂದು ಸಲ ಒಗದ್ರ ಹರದು ಹೋಗ್ತೈತಿ."

ಯಾವ ವಿಚಾರಸಂಕಿರಣದಲ್ಲೂ ಇಷ್ಟು ಚುಟುಕಾದ ವಿಮರ್ಶೆ ನಾನು ಕೇಳಿಲ್ಲ. ಹಾಳೆ ಹಿಡಿದು ಮರಳಿ ಮಾಳಿಗೆ ಹತ್ತಿದೆ.

ಇನ್ನೊಮ್ಮೆ ಬರೆದದ್ದೆಲ್ಲ ಕಸ ಎನಿಸಿ, ಇಡೀ ಒಂದು ಅಧ್ಯಾಯವನ್ನು ನೀರೊಲೆಗೆ ಹಾಕಲು ಹೊರಟೆ. ದೊಡ್ಡವ್ವ ಕೈ ಹಿಡಿದು ಮಗ್ಗದ ಹತ್ತಿರ ಎಳೆದೊಯ್ದಳು.

"ಇದ್ರಾಗ ದಿನಾ ಎಳಿ ಹರೀತಾವು. ಹರದ್ವು ಅಂತ ಮಗ್ಗಾ ಒಲಿಗಿ ಹಾಕ್ಲೇನು? ಗಂಟು ಹಾಕ್ತೇನಿ, ಮುಂದ ನೇಯ್ತೇನಿ."

ಆ ಅಧ್ಯಾಯದಲ್ಲಿ ಈಗಲೂ ಗಂಟುಗಳಿವೆ. ಹುಡುಕಿದರೆ ಸಿಗುತ್ತವೆ, ದಯವಿಟ್ಟು ಹುಡುಕಬೇಡಿ.

ರಜೆಯೂ ಇತ್ತು. ಅಮಾವಾಸ್ಯೆಯ ದಿನ ಅವಳ ಮನೆಯಲ್ಲಿ ಮಗ್ಗ ನಡೆಯುವುದಿಲ್ಲ. ಪೂಜೆ ಮಾಡಿ ಸುಮ್ಮನೆ ಬಿಡುತ್ತಾರೆ. ಆ ಪ್ರಕಾರ ನನ್ನ ಪೆನ್ನಿಗೂ ಕುಂಕುಮ ಹಚ್ಚಿ ದೇವರ ಮುಂದೆ ಇಟ್ಟುಬಿಟ್ಟಳು. ಮೂಡು ಎಂಬ ಮಹಾರಾಯ ಸರಿಯಾಗಿ ಅಂದೇ ಬರಬೇಕೇ! ಬಚ್ಚಲಿನಲ್ಲಿ ಅಡಗಿ ನಿಂತು ಮೊಬೈಲಿನಲ್ಲಿ ಎರಡು ಪುಟ ಬರೆದೆ. ಬರೆಯುವುದನ್ನು ಬಿಟ್ಟಿರಲಾರದ ಸ್ಥಿತಿಗೆ ಬಂದಿದ್ದೇನೆಂದು ತಿಳಿದು ನನಗೇ ಖುಷಿಯಾಯಿತು.

ಹೀಗೆ ಒಂದೂವರೆ ವರ್ಷ ನಡೆಯಿತು. ಕೊನೆಯ ಅಧ್ಯಾಯದ ಹೊಸ್ತಿಲಿಗೆ ಬಂದು ನಿಂತುಬಿಟ್ಟೆ. ಮುಗಿಸಿದರೆ ಜನ ಓದುತ್ತಾರೆ, ಓದಿದರೆ ನಗುತ್ತಾರೆ. ಮುಗಿಸದಿದ್ದರೆ ಜೀವನಪೂರ್ತಿ ನಾನು ಕಾದಂಬರಿ ಬರೆಯುತ್ತಿರುವ ಸಾಹಿತಿ. ಎಂಥ ಸುರಕ್ಷಿತ ಹುದ್ದೆ! ಒಂದು ತಿಂಗಳು ಹಳೆಯ ಪುಟಗಳನ್ನೇ ನಕಲು ಮಾಡಿ ಮೊಳ ತುಂಬಿಸಿದೆ. ನಿಜ ಹೇಳಬೇಕೆಂದರೆ, ಇದು ಮುಗಿಯುವುದೇ ಇಲ್ಲವೇನೋ ಎಂದು ನನಗೆ ಭಯವಾಗಿತ್ತು.

ಅಕ್ಷರ ಬಾರದಿದ್ದರೂ ನೇಕಾರ್ತಿಯ ಕಣ್ಣು, ಒಂದೇ ವಿನ್ಯಾಸ ಮರಳಿ ಬರುತ್ತಿರುವುದು ದೊಡ್ಡವ್ವನಿಗೆ ತಿಳಿಯಿತು. ಬೈಯಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು, ಸೀರೆಗೆ ಸೆರಗು ಕೂಡಿಸುವುದನ್ನು ತೋರಿಸಿದಳು. ನಮ್ಮ ಇಳಕಲ್ ಸೀರೆಯಲ್ಲಿ ಮೈಯ ಹಾಸಿನ ನೂಲೇ ಬೇರೆ, ಸೆರಗಿನ ಕೆಂಪು ರೇಷ್ಮೆಯೇ ಬೇರೆ. ಮೈಯ ಒಂದೊಂದು ಎಳೆಗೂ ಸೆರಗಿನ ಒಂದೊಂದು ಎಳೆಯನ್ನು ಕುಣಿಕೆ ಹಾಕಿ ಕೂಡಿಸಬೇಕು. ಸೆರಗಿಲ್ಲದ್ದನ್ನು ಯಾರೂ ಸೀರೆ ಎನ್ನುವುದಿಲ್ಲ, ಅಷ್ಟೂ ಎಳೆಗಳನ್ನು ಒಮ್ಮೆಲೇ ನೋಡಿದರೆ ಕೈ ಓಡುವುದಿಲ್ಲ, ಆದ್ದರಿಂದ ಬೆರಳ ನಡುವಿನ ಒಂದು ಎಳೆಯನ್ನಷ್ಟೇ ನೋಡು ಎಂದಳು. ಮರುದಿನ ಬೆಳಿಗ್ಗೆ ನಾನು ಒಂದೇ ಒಂದು ವಾಕ್ಯ ನೋಡಿದೆ. ಅದನ್ನು ಬರೆದ ಮೇಲೆ ಇನ್ನೊಂದು. ಎರಡು ವಾರದಲ್ಲಿ ಕಾದಂಬರಿ ಮುಗಿಯಿತು.

ಹಾಳೆಗಳ ಕಟ್ಟನ್ನು ಒಯ್ದು ಅವಳ ಮಡಿಲಲ್ಲಿಟ್ಟೆ. ಅವಳು ಅಳೆಯಲಿಲ್ಲ. ಮೇಲಿನ ಹಾಳೆಯ ಮೇಲೆ ಕೈಯಾಡಿಸುತ್ತ ನನ್ನ ಅವ್ವನ ಮಾತು ತೆಗೆದಳು. ಅವ್ವ ತೀರಿಕೊಂಡಾಗ ನಾನು ಎರಡನೇ ಇಯತ್ತೆ ಓದುತ್ತಿದ್ದೆ. ಅವಳ ಮುಖವೇ ನನಗೆ ಮಸುಕು.

"ನಿಮ್ಮವ್ವ ಜ್ವಾಳಾ ಬೀಸುವಾಗ ತಾನ ಪದಾ ಕಟ್ಟಿ ಹಾಡ್ತಿದ್ಲು. ದಿನಾ ಒಂದು ಹೊಸಾದು. ಅಕಿಗೂ ಬರಿಯಾಕ ಬರ್ತಿದ್ದಿಲ್ಲ, ನನಗೂ ಬರ್ತಿದ್ದಿಲ್ಲ. ಅಕಿ ಹೋದ್ಲು, ಎಲ್ಲಾ ಅಕಿ ಜೋಡಿ ಹೋದುವು. ನಿಂದರ ಹಂಗ ಹೋಗಬಾರದು ಅಂತ ಇಷ್ಟು ಜೀವಾ ತಿಂದೆ, ತಮ್ಮಾ."

ನನ್ನ ಅವ್ವ ಹಾಡು ಕಟ್ಟುತ್ತಿದ್ದಳೆಂದು ಇಷ್ಟು ವರ್ಷ ನನಗೆ ಯಾರೂ ಹೇಳಿರಲಿಲ್ಲ. ಕಣ್ಣು ತುಂಬಿ ಬಂತು, ಮುಚ್ಚಿಡಲು ಹೋಗಲಿಲ್ಲ. ಒಂದಾದರೂ ನೆನಪಿದೆಯೇ ಎಂದು ಕೇಳಿದೆ. ಒಂದರದ್ದು ಅರ್ಧ ನೆನಪಿದೆ ಎಂದಳು.

ನಾನು ಕೊನೆಯ ಹಾಳೆಯನ್ನು ತಿರುವಿ ಹಾಕಿ ಪೆನ್ನು ತೆಗೆದೆ. ದೊಡ್ಡವ್ವ ಎರಡು ಸಾಲು ಹಾಡಿದಳು. ಬರೆದುಕೊಂಡೆ, ಕೆಳಗೆ ಅವ್ವನ ಹೆಸರನ್ನೂ ಬರೆದೆ. ಆ ಹೆಸರು ಎಲ್ಲಿದೆ, ತೋರಿಸು ಎಂದಳು ದೊಡ್ಡವ್ವ. ತೋರಿಸಿದೆ. ಅದರ ಮೇಲೆ ಬೆರಳಿಟ್ಟವಳು ಬಹಳ ಹೊತ್ತು ತೆಗೆಯಲಿಲ್ಲ.